ಆಲಿವ್ ಹಿಂಡಿ, ಮಾವಿನ ಸಿಪ್ಪೆ

ಟೇಕಲ್

ಸ್ಪೇನಿಗೆ ಹೋಗಬೇಕಾಗಿದ್ದವಳು ನನ್ನ ಹೆಂಡತಿ ಯಶೋದ. ಹೋದವನು ನಾನು.

ನಮ್ಮೂರು ಟೇಕಲ್. ನಾನು ಮಾಲೂರು, ಕೋಲಾರ, ಶ್ರೀನಿವಾಸಪುರದ ನಡುವೆ ಟೆಂಪೋ ಓಡಿಸುವವನು. ಹೊಲದ ಕೆಲಸವೆಲ್ಲ ಅವಳದು. ಶ್ರೀನಿವಾಸಪುರದ ಆಚೆ ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಒಂದು ಕಾರ್ಖಾನೆಯಿದೆ. ಸೀಸನ್ನಿನಲ್ಲಿ ಅಲ್ಲಿ ಸಿಪ್ಪೆ, ನಾರು, ಕೊಳೆತ ಹಣ್ಣು ಎಲ್ಲ ಸೇರಿ ಆಳೆತ್ತರ ಬೀಳುತ್ತದೆ. ಮೊದಲೆಲ್ಲ ಅದನ್ನು ಕೆರೆ ಪಕ್ಕದ ಹಳ್ಳಕ್ಕೆ ಸುರಿಯುತ್ತಿದ್ದರು. ಒಂದು ಸಲ ನಾನು ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ ಯಶೋದ ಜೊತೆಗಿದ್ದಳು. ಗಾಡಿ ನಿಲ್ಲಿಸು ಎಂದಳು. ಇಳಿದು ಹಳ್ಳದ ಅಂಚಿನಲ್ಲಿ ಕೂತು, ಹಳೆಯ ಸಿಪ್ಪೆಯ ಅಡಿಗೆ ಕೈ ಹಾಕಿ, ಕಪ್ಪು ಮಣ್ಣಿನಂಥದ್ದನ್ನು ಎತ್ತಿ ಮೂಸಿ ನೋಡಿದಳು. ಆವತ್ತಿನಿಂದ ಆ ದಾರಿಯಲ್ಲಿ ನನ್ನ ಟೆಂಪೋ ಖಾಲಿ ಬಂದದ್ದಿಲ್ಲ.

ಸಿಪ್ಪೆಯನ್ನು ಹಾಗೇ ಹೊಲಕ್ಕೆ ಹಾಕಿದರೆ ಬೇರು ಸುಡುತ್ತದೆ. ಲಕ್ಕೂರಿನ ಕಡೆ ಒಬ್ಬರು ಹಾಕಿ ಎಳೆಯ ಕಸಿ ಗಿಡಗಳನ್ನು ಕಳೆದುಕೊಂಡಿದ್ದರು. ಫ್ಯಾಕ್ಟರಿ ಕಸ ಎಂದರೆ ನಮ್ಮ ಜನ ಹಿಂದೆ ಸರಿಯುವುದು ಅದಕ್ಕೇ. ಯಶೋದ ಅದಕ್ಕೆ ಕುರಿ ಗೊಬ್ಬರ, ರಾಗಿ ಹುಲ್ಲು, ಹಿಪ್ಪುನೇರಳೆ ಕಡ್ಡಿ, ಒಲೆಯ ಬೂದಿ ಸೇರಿಸಿ ಗುಡ್ಡೆ ಹಾಕಿ, ತಿಂಗಳುಗಟ್ಟಲೆ ತಿರುವಿ, ಅದನ್ನು ಗೊಬ್ಬರ ಮಾಡುವುದನ್ನು ಕಲಿತಳು. ಅವಳ ರೈತರ ಗುಂಪಿನ ಹೆಂಗಸರು ಹಂಚಿಕೊಂಡು ಮಾವಿಗೂ ಹಿಪ್ಪುನೇರಳೆಗೂ ಹಾಕುತ್ತಿದ್ದರು. ನಾನು ತಂದು ಸುರಿಯುವವನು. ಆಮೇಲೆ ಏನಾಗುತ್ತದೆ ಎಂದು ನಿಂತು ನೋಡುವ ಪುರಸೊತ್ತು ಇರಲಿಲ್ಲ. ಅದು ಅವಳ ಕೆಲಸ, ಇದು ನನ್ನ ಕೆಲಸ, ಹಾಗೇ ನಡೆಯುತ್ತಿತ್ತು.

ಕಳೆದ ಮಾವಿನ ಸೀಸನ್ನಿನ ಕೊನೆಯಲ್ಲಿ ಅವಳು ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಗುಡ್ಡೆ ಹಾಕಿದಳು. ಅದು ಗೊಬ್ಬರವಾಗುವ ಮುಂಚೆ ತೀರಿಕೊಂಡಳು. ಜ್ವರವೆಂದು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದು. ವಾರದೊಳಗೆ ಎಲ್ಲ ಮುಗಿಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಗುಡ್ಡೆ ಉಳಿಯಿತು. ಅದನ್ನು ನಾನೂ ಅವಳ ತಮ್ಮ ಮುನಿರಾಜುವೂ ಕೈಬಿಡಲಿಲ್ಲ. ಮಾವು ಮುಗಿದ ಮೇಲೆ ಕಾರ್ಖಾನೆಯಲ್ಲಿ ಸೀಬೆ ನಡೆಯುತ್ತದೆ, ಆಮೇಲೆ ಟೊಮೇಟೊ. ವಾರಕ್ಕೊಂದು ಲೋಡು ತಂದು ಗುಡ್ಡೆಗೆ ಸೇರಿಸಿ ತಿರುವುತ್ತಾ ಬಂದೆವು. ಬೆಳಿಗ್ಗೆ ಹೋಗಿ ಒಳಗೆ ಕೈ ಇಟ್ಟರೆ ಬೆಚ್ಚಗಿರುತ್ತಿತ್ತು, ಒಂದೊಂದು ದಿನ ಕೈ ಇಡಲಾಗದಷ್ಟು ಬಿಸಿ. ಬಿಸಿ ಇದ್ದರೆ ಗುಡ್ಡೆ ಚೆನ್ನಾಗಿದೆ ಎಂದು ನಮ್ಮ ಸಮಾಧಾನ. ಆದರೆ ಅದು ಯಾವಾಗ ಗೊಬ್ಬರವಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಿಂದಿನ ವರ್ಷಗಳ ಗುಡ್ಡೆಗಳು ಇಷ್ಟು ಹೊತ್ತಿಗೆ ಹೊಲ ಸೇರಿರುತ್ತಿದ್ದವು. ಗುಂಪಿನ ಹೆಂಗಸರು ಮೆಲ್ಲಗೆ ಕೇಳತೊಡಗಿದ್ದರು. ಹದವಾಗದ್ದನ್ನು ಕೊಟ್ಟು ಯಾರದಾದರೂ ಗಿಡ ಸುಟ್ಟರೆ, ಯಶೋದಮ್ಮನ ಗೊಬ್ಬರದಿಂದ ಸುಟ್ಟಿತು ಎಂದೇ ಊರು ಹೇಳುತ್ತದೆ. ಕೊಡದೆ ಹೋದರೆ ಅವಳು ಮಾಡಿದ್ದು ಬಿದ್ದಲ್ಲೇ ಬಿದ್ದಿರುತ್ತದೆ.

ಒಂದು ಊರಿನ ರೈತರನ್ನು ಇನ್ನೊಂದು ಊರಿಗೆ ಕರೆಸಿ ಪರಿಚಯ ಮಾಡಿಸುವ ಒಂದು ಸಂಸ್ಥೆ, ಆಲಿವ್ ಎಣ್ಣೆ ಗಾಣಗಳ ಕಸವನ್ನು ಗೊಬ್ಬರ ಮಾಡುವ ಸ್ಪೇನಿನ ಒಂದು ಊರಿಗೆ, ಅವಳು ಇದ್ದಾಗಲೇ ಅವಳನ್ನು ಕರೆದಿತ್ತು. ಗುಂಪಿನವರು ಅವಳ ಜಾಗಕ್ಕೆ ನನ್ನ ಹೆಸರು ಬರೆದು ಕಳಿಸಿದರು. ವರ್ಷ ತುಂಬುವ ಮುಂಚೆ ಇನ್ನೊಬ್ಬರ ಮನೆ ಹೊಸಿಲು ತುಳಿಯಬಾರದು ಎಂದು ದೊಡ್ಡಪ್ಪ ಅಡ್ಡ ಬಂದರು. ನನಗೋ ನಮ್ಮ ಮನೆಯ ಹೊಸಿಲಿನೊಳಗೇ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕು ತಿಳಿಯದು. ಒಪ್ಪಿಕೊಂಡೆ. ನಾನು ಬರುವ ತನಕ ಗುಡ್ಡೆಗೆ ಲೋಡು ತಪ್ಪಿಸಬೇಡ ಎಂದು ಮುನಿರಾಜುಗೆ ಹೇಳಿ, ಟೆಂಪೋ ಕೀ ಕೊಟ್ಟು ಹೊರಟೆ.

ಮ್ಯಾಡ್ರಿಡ್

ನಾವು ಹೊರಟವರು ಮೂವರು. ಒಬ್ಬರು ಶ್ರೀನಿವಾಸಪುರದ ಮಾವಿನ ತೋಟದ ಚೌಡರೆಡ್ಡಿ. ವಯಸ್ಸಾದವರು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. ಇನ್ನೊಬ್ಬಳು ಮುಳಬಾಗಿಲಿನ ಶಬಾನ, ಗುಂಪಿನ ಕಚೇರಿ ನೋಡಿಕೊಳ್ಳುವವಳು, ಕೃಷಿ ಡಿಪ್ಲೊಮಾ ಓದಿದವಳು. ಮೂವರಲ್ಲಿ ಇಂಗ್ಲಿಷ್ ಬರುವುದು ಅವಳಿಗೆ ಮಾತ್ರ. ಮನೆಯಲ್ಲಿ ದಖ್ನಿ, ನನ್ನ ಜೊತೆ ಕನ್ನಡ, ರೆಡ್ಡಿಯವರ ಜೊತೆ ತೆಲುಗು, ಅಧಿಕಾರಿಗಳ ಜೊತೆ ಇಂಗ್ಲಿಷ್. ಆ ಪ್ರವಾಸದಲ್ಲಿ ಅವಳ ಬಾಯಿಗೆ ವಿರಾಮವೇ ಸಿಗಲಿಲ್ಲ.

ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತೆಗೆಸಿದರು. ಚೌಡರೆಡ್ಡಿಯವರ ಚೀಲದಲ್ಲಿ ರಾಗಿ ಹುರಿಹಿಟ್ಟಿನ ದೊಡ್ಡ ಪೊಟ್ಟಣ ಸಿಕ್ಕಿತು. ಕಂದು ಬಣ್ಣದ ಪುಡಿ ನೋಡಿ ಅಧಿಕಾರಿಗೆ ಅನುಮಾನ ಬಂತು. ತಿನ್ನುವ ಪದಾರ್ಥ ಎಂದು ಶಬಾನ ಹೇಳುತ್ತಿರುವಾಗಲೇ ರೆಡ್ಡಿಯವರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮಿದರು. ಅಧಿಕಾರಿಯ ಕಪ್ಪು ಅಂಗಿಯ ಮುಂಭಾಗವೆಲ್ಲ ರಾಗಿಯಾಯಿತು. ಆತ ಅಂಗಿ ನೋಡಿಕೊಂಡ, ರೆಡ್ಡಿಯವರನ್ನು ನೋಡಿದ, ಹೋಗಿ ಎಂದು ಕೈ ಮಾಡಿದ.

ನನ್ನ ಚೀಲದಲ್ಲಿ ಇನ್ನೊಂದು ಪೊಟ್ಟಣವಿತ್ತು. ಗುಡ್ಡೆಯಿಂದ ಒಂದು ಹಿಡಿ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡಿದ್ದೆ. ಅಲ್ಲಿನವರಿಗೆ ತೋರಿಸಿ, ಇದು ಆಗಿದೆಯೋ ಇಲ್ಲವೋ ಎಂದು ಕೇಳುವುದು ನನ್ನ ಲೆಕ್ಕಾಚಾರ. ಬೇರೆ ದೇಶದ ಮಣ್ಣು ಒಳಗೆ ಬಿಡುವುದಿಲ್ಲವೆಂದು ಶಬಾನ ಮೊದಲೇ ಹೇಳಿದ್ದಳು, ನಾನು ಕೇಳಿರಲಿಲ್ಲ. ಅಧಿಕಾರಿ ಕೈಗವಸು ಹಾಕಿಕೊಂಡು ಅದನ್ನು ಎತ್ತಿ ಒಂದು ಹಳದಿ ಡಬ್ಬಕ್ಕೆ ಹಾಕಿದ. ಬೈಯಲಿಲ್ಲ, ದಂಡವೂ ಹಾಕಲಿಲ್ಲ. ಡಬ್ಬದ ಮುಚ್ಚಳ ತಾನೇ ಮುಚ್ಚಿಕೊಂಡಿತು.

ನಡೆಯುತ್ತಾ ಎಷ್ಟೋ ದೂರ ಬಂದ ಮೇಲೂ ನಾನು ತಿರುಗಿ ತಿರುಗಿ ನೋಡುತ್ತಿದ್ದೆನಂತೆ. ಚೌಡರೆಡ್ಡಿ ನನ್ನ ತೋಳು ಹಿಡಿದುಕೊಂಡರು. "ಊರಲ್ಲಿ ಇನ್ನೂ ಇಡೀ ಗುಡ್ಡೆ ಐತೆ ಬಿಡು, ಏಮಯ್ಯ" ಎಂದರು. ಇದೆ, ನಿಜ. ಆದರೆ ಈಗ ನಾನು ಬಾಯಿಮಾತಿನಲ್ಲೇ ಕೇಳಬೇಕಾಗಿತ್ತು, ಅದೂ ಇನ್ನೊಬ್ಬರ ಬಾಯಿಂದ.

ದಕ್ಷಿಣದ ದಾರಿ

ಬಸ್ಸು ದಕ್ಷಿಣಕ್ಕೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಹಾಯೆನ್ ಎಂಬ ಪ್ರಾಂತ್ಯ ಬಂತು. ಅಲ್ಲಿಂದ ಮುಂದೆ ಆಲಿವ್ ಮರ ಬಿಟ್ಟು ಬೇರೇನೂ ಇಲ್ಲ. ಗುಡ್ಡದ ಮೇಲೆ ಆಲಿವ್, ಇಳಿಜಾರಿನಲ್ಲಿ ಆಲಿವ್, ರಸ್ತೆಯ ಅಂಚಿನವರೆಗೆ ಆಲಿವ್. ಎಲ್ಲ ಒಂದೇ ಎತ್ತರ, ಒಂದೇ ಅಂತರ, ಬೂದಿ ಬಣ್ಣದ ಎಲೆ. ಶ್ರೀನಿವಾಸಪುರದ ಕಡೆಯೂ ಮಾವಿನ ತೋಪು ಬಿಟ್ಟರೆ ಮಾವಿನ ತೋಪೇ; ಆದರೆ ನಡುವೆ ಒಂದು ಹುಣಸೆ ಮರವೋ, ಟೊಮೇಟೊ ಮಡಿಯೋ, ಬಂಡೆಯೋ ಅಡ್ಡ ಬರುತ್ತದೆ. ಇಲ್ಲಿ ಕಣ್ಣಿಗೆ ತಡೆಯೇ ಇಲ್ಲ.

"ಒಂದು ಮರ ನೆಟ್ಟು ಜೆರಾಕ್ಸ್ ತೆಗೆಸವ್ರೆ" ಎಂದರು ಚೌಡರೆಡ್ಡಿ.

ಮಣ್ಣು ಮಾತ್ರ ಕೆಲವು ಕಡೆ ನಮ್ಮದರಂತೆಯೇ ಕೆಂಪಗಿತ್ತು. ಮರದ ಬುಡ ಬೋಳು, ಹುಲ್ಲಿಲ್ಲ, ಮಳೆಗೆ ಕೊಚ್ಚಿಕೊಂಡು ಹೋದ ಕೊರಕಲುಗಳು. ಈ ಮಣ್ಣಿಗೂ ಹೊಟ್ಟೆ ಖಾಲಿ ಎಂದು ನನಗೆ ಅನಿಸಿತು. ಯಶೋದ ಇದ್ದಿದ್ದರೆ ಬಸ್ಸು ನಿಲ್ಲಿಸುತ್ತಿದ್ದಳು. ನಾನು ಎದ್ದು ಚಾಲಕನ ಹತ್ತಿರ ಹೋಗಿ ನಿಂತೆ. ಗಾಡಿ ಓಡಿಸಿ ಅಭ್ಯಾಸವಾದವನಿಗೆ ಹಿಂದಿನ ಸೀಟಿನಲ್ಲಿ ಕೂರುವುದು ಕಷ್ಟ. ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡಿ ಏನೋ ಗದರಿದ. ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದೆ. ಮೂರನೆಯ ಸಲ ಶಬಾನ ನನಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟು, ತಾನು ಅಂಚಿನಲ್ಲಿ ಕೂತು ದಾರಿ ಮುಚ್ಚಿದಳು.

ಬೆಟ್ಟದ ಮೇಲಿನ ಊರು

ನಮಗೆ ಉಳಿಯಲು ಕೊಟ್ಟದ್ದು ಕಾರ್ಮೆನ್ ಎಂಬ ಹೆಂಗಸಿನ ಮನೆಯ ಮೇಲಿನ ಕೋಣೆಗಳು. ದೊಡ್ಡಪ್ಪ ಹೇಳಿದ ಹೊಸಿಲು ಇದೇ. ಒಂದು ಕ್ಷಣ ನಿಂತು ದಾಟಿದೆ. ಆ ಹೆಂಗಸಿಗೆ ನಾನು ಚಪ್ಪಲಿ ಬಿಡಲು ನಿಂತಂತೆ ಕಂಡಿರಬೇಕು. ಬೇಡ ಬೇಡ ಎಂದು ಕೈ ಆಡಿಸಿದಳು.

ಅಲ್ಲಿನವರ ಅಭ್ಯಾಸಗಳಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಹೋಟೆಲಿನ ನೆಲ. ಮನೆಯ ಮುಂದಿನ ಬೀದಿಯನ್ನು ತೊಳೆದು ಒರೆಸುವ ಜನ, ಹೋಟೆಲಿಗೆ ಬಂದರೆ ಬಾಯಿ ಒರೆಸಿದ ಕಾಗದವನ್ನೂ ಆಲಿವ್ ಬೀಜವನ್ನೂ ಕಾಲಡಿಗೇ ಹಾಕುತ್ತಾರೆ. ನೆಲ ಕೊಳೆಯಾಗಿದ್ದಷ್ಟೂ ಹೋಟೆಲು ಒಳ್ಳೆಯದಂತೆ. ಬೆಳಗಿನ ತಿಂಡಿಗೆ ಕಾಯಿಸಿದ ಬ್ರೆಡ್ಡು, ಅದರ ಮೇಲೆ ತುರಿದ ಟೊಮೇಟೊ, ಅದರ ಮೇಲೆ ಎಣ್ಣೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಪೆಟ್ಟಿಗೆಗಳ ನಡುವೆ ಬದುಕು ಕಳೆದ ಚೌಡರೆಡ್ಡಿ, ಇದಕ್ಕೆ ಒಗ್ಗರಣೆ ಹಾಕಿದ್ದರೆ ಅರ್ಧ ಸಾರಾಗುತ್ತಿತ್ತು ಎಂದು ಮರುಗಿದರು. ಶಬಾನ ಹಂದಿ ಮಾಂಸ ಬೇಡ ಎಂದು ಮೂರು ರೀತಿಯಲ್ಲಿ ಹೇಳಿದ ಮೇಲೂ ಅವಳ ಸೊಪ್ಪಿನ ತಟ್ಟೆಯಲ್ಲಿ ಸಣ್ಣ ಚೂರುಗಳು ಬಂದವು. ಬಡಿಸುವವನಿಗೆ ಅದು ಮಾಂಸವೇ ಅಲ್ಲ, ರುಚಿಗೆ ಹಾಕಿದ್ದು. ಆವತ್ತಿನಿಂದ ಅವಳು ರೆಡ್ಡಿಯವರ ಹುರಿಹಿಟ್ಟಿಗೆ ಪಾಲುದಾರಳಾದಳು.

ಊಟವಾದ ಮೇಲೆ ಊರೆಲ್ಲ ಬಾಗಿಲು ಮುಚ್ಚಿ ಮಲಗಿತು. ಗಾಣಕ್ಕೆ ಹೋಗುವುದು ಮರುದಿನ ಎಂದರು. ನನಗೆ ಮಲಗಲು ಆಗಲಿಲ್ಲ. ಒಬ್ಬನೇ ಹೊರಬಿದ್ದೆ. ಬೀದಿಯಲ್ಲಿ ನಾಯಿಯೂ ಇಲ್ಲ. ಆದರೆ ಗಾಳಿಯಲ್ಲಿ ಒಂದು ವಾಸನೆ ಇತ್ತು: ಹುಳಿ ಬಂದ, ಎಣ್ಣೆ ಕಮಟಿದ, ಮೂಗಿಗೆ ಅಂಟುವ ವಾಸನೆ. ಜೂನ್ ತಿಂಗಳಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನಾನು ಶ್ರೀನಿವಾಸಪುರದ ಕಾರ್ಖಾನೆಗೆ ಗಾಡಿ ಮುಟ್ಟಿಸಬಲ್ಲೆ. ಇಲ್ಲೂ ಹಾಗೇ ವಾಸನೆಯ ಜಾಡು ಹಿಡಿದು ಹೋದೆ. ಇಳಿಜಾರು ಇಳಿದು, ಒಂದು ಕಾಲುದಾರಿ ತಪ್ಪಿ, ಯಾರದೋ ಕೋಳಿ ಗೂಡಿನ ಹಿತ್ತಲಿಗೆ ನುಗ್ಗಿ, ವಾಪಸ್ ಬಂದು, ಕೊನೆಗೆ ಗಾಣದ ಗೇಟಿಗೆ ತಲುಪಿದೆ. ಒಳಗೆ ಹೊಗೆಯಾಡುವ ಕಪ್ಪು ಸಾಲುಗಳು ಕಂಡವು. ಕಾವಲುಗಾರ ಬಂದು ಏನು ಎಂದು ಕೇಳಿದ. ಹೇಳಲು ನನ್ನ ಹತ್ತಿರ ಭಾಷೆ ಇರಲಿಲ್ಲ. ಬೇಲಿ ಹಿಡಿದು ಸುಮ್ಮನೆ ನೋಡಿದೆ. ಅವನು ತನ್ನ ಗಡಿಯಾರ ತೋರಿಸಿ, ಕೆನ್ನೆಗೆ ಕೈ ಇಟ್ಟು ನಿದ್ದೆಯ ಸನ್ನೆ ಮಾಡಿ, ನನ್ನನ್ನು ಹಿಂದಕ್ಕೆ ಕಳಿಸಿದ.

ಗಾಣದ ಹಿಂದಿನ ಅಂಗಳ

ಆಲಿವ್ ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿಯುವುದು ಒಂದು ಕಪ್ಪು ಪಾಯಸ. ಸಿಪ್ಪೆ, ತಿರುಳು, ಬೀಜದ ಚೂರು, ನೀರು ಎಲ್ಲ ಕಲೆತದ್ದು. ಅದಕ್ಕೆ ಅಲ್ಲಿ ಆಲ್ಪೆರುಹೊ ಎನ್ನುತ್ತಾರೆ. ನಮ್ಮ ಕಡಲೆಕಾಯಿ ಹಿಂಡಿಯ ಹಾಗೆ ಗಟ್ಟಿಯಲ್ಲ, ಕೈಯಲ್ಲಿ ನಿಲ್ಲುವುದಿಲ್ಲ. ಹಾಗೇ ಮಣ್ಣಿಗೆ ಹಾಕಿದರೆ ಮರಕ್ಕೇ ಆಗದು. ತನ್ನದೇ ಹಣ್ಣಿನ ಉಳಿಕೆ ತನಗೇ ವಿಷ. ಅದಕ್ಕೆ ಆಲಿವ್ ಎಲೆ, ಕಡ್ಡಿ, ಕುರಿ ಗೊಬ್ಬರ ಬೆರೆಸಿ ಉದ್ದನೆಯ ಗುಡ್ಡೆ ಹಾಕುತ್ತಾರೆ. ಕುರಿ ಗೊಬ್ಬರ ಎಂದ ಕೂಡಲೇ ನನಗೆ ಸ್ವಲ್ಪ ನಿರಾಳವಾಯಿತು. ಇಷ್ಟು ದೂರ ಬಂದರೂ ಕುರಿ ಕುರಿಯೇ.

ಆ ಅಂಗಳದ ಯಜಮಾನಿ ಮರಿಸೋಲ್ ಎಂಬ ಗಟ್ಟಿ ದನಿಯ ಹೆಂಗಸು. ರಬ್ಬರ್ ಬೂಟು, ಬಾಯಲ್ಲಿ ಸಿಗರೇಟು. ಮಾತಾಡುತ್ತಲೇ ನಡೆಯುತ್ತಾಳೆ, ನಾವು ಓಡಬೇಕು. ಶಬಾನಳಿಗೆ ಅರ್ಥವಾಗುವಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು. ಹೊಸ ಗುಡ್ಡೆಗಳಿಂದ ಬೆಳಗಿನ ಚಳಿಗೆ ಆವಿ ಏಳುತ್ತಿತ್ತು. ಒಂದಕ್ಕೆ ಕೈ ಇಡಲು ಹೋದೆ. ಸುಡುತ್ತದೆ ಎಂದು ಅವಳು ನನ್ನ ಮಣಿಕಟ್ಟು ಹಿಡಿದು ಎಳೆದಳು. ನಾನು ಕೈ ಬಿಡಿಸಿಕೊಂಡು ಇಟ್ಟೆ. ಬಿಸಿಯಿತ್ತು. ನಮ್ಮ ಗುಡ್ಡೆಯಷ್ಟೇ ಬಿಸಿ. ಅವಳು ಹುಬ್ಬು ಏರಿಸಿ ಮುಂದೆ ನಡೆದಳು.

ನಾವು ಅಂಗಳದ ಕೊನೆಯಲ್ಲಿದ್ದಾಗ ಒಂದು ಟ್ರ್ಯಾಕ್ಟರ್ ರಾತ್ರಿಯ ಹಸಿ ಹಿಂಡಿ ತುಂಬಿಕೊಂಡು ಒಳಗೆ ಬಂತು. ಚಾಲಕ ಹೊಸಬನಿರಬೇಕು. ಗೋಡೆ ಬದಿಯಲ್ಲಿ ಆವಿಯಿಲ್ಲದ ಒಂದು ಹಳೆಯ ಗುಡ್ಡೆಯಿತ್ತು. ಅದರ ಕಡೆಗೆ ಹಿಂಭಾಗ ತಿರುಗಿಸಿ ಟ್ರೇಲರ್ ಎತ್ತತೊಡಗಿದ. ಮರಿಸೋಲ್ ಕೈಯಲ್ಲಿದ್ದ ಉದ್ದನೆಯ ಉಷ್ಣಮಾಪಕವನ್ನು ನೆಲಕ್ಕೆ ಎಸೆದು ಓಡಿದಳು. ಟ್ರೇಲರಿಗೂ ಗುಡ್ಡೆಗೂ ನಡುವೆ ಎರಡು ಕೈ ಚಾಚಿ ನಿಂತಳು. ಸುರಿದಿದ್ದರೆ ಅವಳ ತಲೆಯ ಮೇಲೇ ಬೀಳುತ್ತಿತ್ತು. ಚಾಲಕ ಇಳಿದು ಬಂದ. ಅವಳು ಬೈದದ್ದು ನಮಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಚೌಡರೆಡ್ಡಿ ಎರಡು ಹೆಜ್ಜೆ ಹಿಂದೆ ಸರಿದರು.

ಹಸಿ ಹಾಕಿದರೆ ಏನಾಗುತ್ತಿತ್ತು ಎಂದು ಶಬಾನಳಿಂದ ಕೇಳಿಸಿದೆ. ಮರಿಸೋಲ್ ಇನ್ನೂ ಏದುಸಿರು ಬಿಡುತ್ತಿದ್ದಳು. ಆ ಗುಡ್ಡೆಯನ್ನು ವಸಂತದಲ್ಲೇ ಮುಚ್ಚಿದ್ದಂತೆ. ಮುಚ್ಚುವುದು ಎಂದರೆ ಅದಕ್ಕೆ ಹೊಸದನ್ನು ಸೇರಿಸುವುದು ನಿಲ್ಲಿಸುವುದು. ಅಲ್ಲಿಂದ ಮುಂದೆ ತಿರುವುವುದಷ್ಟೇ. ತಿರುವಿದಾಗಲೆಲ್ಲ ಒಳಗಿನ ಹಸಿ ಉರಿದು ಬಿಸಿಯಾಗುತ್ತದೆ, ಮತ್ತೆ ಇಳಿಯುತ್ತದೆ. ಒಂದು ದಿನ ತಿರುವಿದರೂ ಬಿಸಿ ಏರುವುದಿಲ್ಲ. ಆಗ ಅದು ಗೊಬ್ಬರ. ಆಮೇಲೂ ನಂಬದೆ, ಅದರ ಕಷಾಯದಲ್ಲಿ ಕಾಗದ ನೆನೆಸಿ ಸಣ್ಣ ಬೀಜ ಚೆಲ್ಲಿ ಮೊಳಕೆ ನೋಡುತ್ತಾಳೆ. ಬೀಜ ತೋರಿಸಿದಳು. ನಮ್ಮ ಆಳ್ವಿ ಬೀಜ. ಮುಳಬಾಗಿಲಿನಲ್ಲಿರುವ ನಮ್ಮ ಮಗಳ ಬಾಣಂತನದಲ್ಲಿ ಯಶೋದ ದಿನಾ ಅದರ ಪಾಯಸ ಮಾಡುತ್ತಿದ್ದಳು.

"ಮಧ್ಯದಲ್ಲಿ ಹಸಿ ಸೇರಿಸಿದರೆ?" ಎಂದು ನಾನು ಮತ್ತೆ ಕೇಳಿಸಿದೆ.

ಶಬಾನ ಕೇಳಿದಳು, ಉತ್ತರ ಕೇಳಿಸಿಕೊಂಡಳು, ನನಗೆ ಹೇಳದೆ ನಿಂತಳು.

"ಹೇಳಮ್ಮ."

"ಮತ್ತೆ ಮೊದಲಿಂದ ಶುರುವಾಗ್ತದಂತೆ ಅಣ್ಣ. ಸೇರಿಸ್ತಾನೇ ಇದ್ರೆ ಯಾವತ್ತೂ ಆಗಲ್ಲವಂತೆ. ಬಿಸಿ ಇರೋದು ಅಂದ್ರೆ ಇನ್ನೂ ಆಗಿಲ್ಲ ಅಂತ."

ಬಿಸಿ ಇದ್ದರೆ ಗುಡ್ಡೆ ಚೆನ್ನಾಗಿದೆ ಎಂದುಕೊಂಡಿದ್ದವರು ನಾವು. ವಾರ ವಾರ ಅವಳ ಗುಡ್ಡೆಯನ್ನು ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡು, ಅದನ್ನು ಮುಗಿಯಗೊಡದೆ ಹಿಡಿದಿದ್ದೆವು. ಯಶೋದ ಪ್ರತಿ ಗುಡ್ಡೆಗೂ ಒಂದು ದಿನ, ಇನ್ನು ಸಾಕು ಎಂದು ನನಗೆ ಹೇಳುತ್ತಿದ್ದಳು. ಅಲ್ಲಿಂದ ಮುಂದೆ ನಾನು ಲೋಡನ್ನು ಪಕ್ಕದಲ್ಲಿ ಸುರಿಯುತ್ತಿದ್ದೆ. ಯಾಕೆ ಎಂದು ಕೇಳಿದವನಲ್ಲ. ಈ ಸಲ ಸಾಕು ಎನ್ನುವವರು ಇರಲಿಲ್ಲ.

ಅಲ್ಲಿ ಆಗ ಹನ್ನೊಂದೂವರೆಯಿರಬಹುದು, ಊರಿನಲ್ಲಿ ಸಂಜೆಯ ಹೊತ್ತು. ಆವತ್ತು ಲೋಡು ತರುವ ದಿನ. ನಾನು ಗೋಡೆಯ ಹತ್ತಿರ ಹೋಗಿ ಮುನಿರಾಜುಗೆ ಫೋನ್ ಮಾಡಿದೆ.

"ಎಲ್ಲಿದೀಯ?"

"ಫ್ಯಾಕ್ಟರಿ ಗೇಟ್ ಹತ್ರ ಭಾವ. ಲೋಡ್ ಆಯ್ತು. ಟೊಮೇಟೊ ಸಿಪ್ಪೆ."

"ಗುಡ್ಡೆಗೆ ಹಾಕ್ಬೇಡ."

"ಯಾಕೆ?"

"ಇನ್ನು ಹಾಕ್ಬಾರದು. ಹಾಕ್ತಾನೇ ಇದ್ರೆ ಅದು ಗೊಬ್ಬರ ಆಗಲ್ಲ."

ಅವನ ಹಿಂದೆ ಯಾರೋ ದಾರಿ ಬಿಡು ಎಂದು ಹಾರನ್ ಹೊಡೆಯುತ್ತಿದ್ದರು.

"ಹಾಕದಿದ್ರೆ ತಣ್ಣಗಾಗಿಬಿಡ್ತದೆ ಭಾವ."

"ಆಗ್ಲಿ."

"ನೀನು ದಿನಾ ಬೆಳಿಗ್ಗೆ ಹೋಗಿ ಕೈ ಇಡ್ತಿದ್ದೆ. ನೀನು ಮನೆಗೆ ವಾಪಸ್ ಬಂದ್ಮೇಲೆ ನಾನು ಹೋಗಿ ಇಡ್ತಿದ್ದೆ."

"ಗೊತ್ತು ಕಣೋ."

"ಇವತ್ತೂ ಇಟ್ಟು ಬಂದೆ. ಬೆಚ್ಚಗೈತೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. ಕೊನೆಗೆ ಅವನೇ ಕೇಳಿದ: "ಈ ಲೋಡ್ ಏನ್ ಮಾಡ್ಲಿ?"

"ಆಚೆ ಕಡೆ ಸುರಿ. ಹೊಸದು ಹಾಕೋಣ."

"ಹೊಸದು ಹಾಕೋಕೆ ನಂಗೆ ಬರಲ್ಲ."

"ನಂಗೂ ಬರಲ್ಲ. ಸುರಿ ಸುಮ್ನೆ, ಬಂದು ನೋಡೋಣ."

ವಾಪಸ್ ಹೋದಾಗ ಚೌಡರೆಡ್ಡಿ ನನ್ನ ಮುಖ ನೋಡಿ, ನೋಡದವರ ಹಾಗೆ ದೂರದ ಮರಗಳ ಕಡೆ ತಿರುಗಿದರು. ಶಬಾನ ಮರಿಸೋಲ್‌ಗೆ ಏನೋ ಹೇಳಿದ್ದಳು. ಆ ಹೆಂಗಸು ಸಿಗರೇಟು ಕಾಲಲ್ಲಿ ಹೊಸಕಿ, ನಿನ್ನ ಹೆಂಡತಿ ಹೇಗೆ ಮಾಡುತ್ತಿದ್ದಳು ಹೇಳು ಎಂದಳು. ಅನುಕಂಪದ ದನಿಯಲ್ಲ, ಕೆಲಸದ ದನಿ.

ನಾನು ಹೇಳಿದೆ. ಅವಳು ತೀರಿಕೊಂಡ ಮೇಲೆ ಅಷ್ಟು ಹೊತ್ತು ನಾನು ಮಾತಾಡಿರಲಿಲ್ಲ. ಅಡಿಗೆ ಹಿಪ್ಪುನೇರಳೆ ಕಡ್ಡಿ ಅಡ್ಡಡ್ಡ ಹಾಕುತ್ತಿದ್ದಳು, ಗಾಳಿ ಆಡಲಿ ಎಂದು. ಒಂದು ಪದರ ಸಿಪ್ಪೆ, ಒಂದು ಪದರ ಕುರಿ ಗೊಬ್ಬರ. ಹುಳಿ ವಾಸನೆ ಬಂದರೆ ಬೂದಿ. ದೀಪಾವಳಿಗೆ ಗುಡ್ಡೆಯ ಮೇಲೆ ಸಗಣಿ ಉಂಡೆ ಇಟ್ಟು, ಹೂ ಸಿಕ್ಕಿಸಿ, ದೀಪ ಹಚ್ಚುತ್ತಿದ್ದಳು. ತಿಪ್ಪೆಗೆ ದೀಪ ಹಚ್ಚುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ, ಅವಳು ಅದಕ್ಕೆ ಮಾವಿನ ಸಿಪ್ಪೆಯನ್ನೂ ಸೇರಿಸಿಕೊಂಡಳು. ಹೇಳುತ್ತಾ ಹೋದ ಹಾಗೆ, ನಿಂತು ನೋಡಿಲ್ಲ ಎಂದುಕೊಂಡಿದ್ದ ಎಷ್ಟೋ ಕೆಲಸ ನಾನು ನೋಡಿಯೇ ಇದ್ದೆ ಎಂದು ಗೊತ್ತಾಯಿತು. ಗಾಡಿಯ ಹಿಂಬಾಗಿಲು ಹಾಕುವಾಗ, ನೀರು ಕುಡಿಯುವಾಗ, ಕನ್ನಡಿಯಲ್ಲಿ.

ಮರಿಸೋಲ್‌ಗೆ ದೀಪದ ಮಾತು ಕೇಳಿ ನಗು ಬಂತು. ನಾವು ಇದಕ್ಕೆ ಬೈಗುಳ ಮಾತ್ರ ಕೊಡುತ್ತೇವೆ ಎಂದಳು. ಬೂದಿಯ ಮಾತಿಗೆ ನಗಲಿಲ್ಲ. ಯಾವ ಕಟ್ಟಿಗೆಯ ಬೂದಿ, ಎಷ್ಟು, ಯಾವಾಗ ಎಂದು ಎರಡೆರಡು ಸಲ ಕೇಳಿದಳು. ಅವಳ ಒಂದು ಗುಡ್ಡೆ ಹುಳಿ ವಾಸನೆ ಬಿಡದೆ ಸತಾಯಿಸುತ್ತಿತ್ತಂತೆ. ಮರುದಿನ ಬೆಳಿಗ್ಗೆ ಹೋದಾಗ ಕಾರ್ಮೆನ್ ಮನೆಯ ಒಲೆಯದೂ ಸೇರಿದಂತೆ ಊರಿನ ಹಲವು ಮನೆಗಳ ಬೂದಿ ಬಕೆಟ್ಟುಗಳಲ್ಲಿ ಅಂಗಳಕ್ಕೆ ಬಂದಿತ್ತು. ಬೂದಿ ಎರಚುವುದು ಹೇಗೆಂದು ನಾನು ತೋರಿಸಿದೆ. ಗಾಳಿ ತಿರುಗಿ ಎಲ್ಲರ ಮುಖಕ್ಕೂ ಬಂತು. ಅವರೆಲ್ಲ ಕೆಮ್ಮುತ್ತಾ ನಕ್ಕರು.

ಮತ್ತೆ ಟೇಕಲ್

ವಾಪಸ್ ಬಂದ ದಿನ ಮನೆಗೆ ಹೋಗುವ ಮುಂಚೆ ಗುಡ್ಡೆಗೆ ಹೋದೆ. ಬಿಸಿ ಸ್ವಲ್ಪ ಇಳಿದಿತ್ತು. ನಾನೂ ಮುನಿರಾಜುವೂ ತಿರುವಿದೆವು, ಮತ್ತೆ ಏರಿತು. ಸಂಕ್ರಾಂತಿ ಕಳೆದ ಮೇಲೆ ತಿರುವಿದಾಗ ಕಡಿಮೆ ಏರಿತು. ಒಂದೊಂದು ಬೆಳಿಗ್ಗೆ ಹೋಗಲು ಮನಸ್ಸಾಗುತ್ತಿರಲಿಲ್ಲ; ಹೋಗದೆ ಇರಲೂ ಆಗುತ್ತಿರಲಿಲ್ಲ. ಬೇಲಿಯವರೆಗೆ ಹೋಗಿ ವಾಪಸ್ ಬಂದ ದಿನಗಳೂ ಇವೆ. ಕಾರ್ಖಾನೆಯ ಹತ್ತಿರ ಗಾಡಿ ನಿಲ್ಲಿಸಿದಾಗ, ಒಂದೇ ಒಂದು ಬುಟ್ಟಿ ಹಸಿ ಸಿಪ್ಪೆ ಹಾಕಿದರೆ ಏನಾಗುತ್ತದೆ ಎಂದು ನನಗೇ ಅನಿಸಿದ್ದುಂಟು. ಮುನಿರಾಜುಗೂ ಅನಿಸಿತ್ತಂತೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯ್ದೆವು.

ಶಿವರಾತ್ರಿಯ ಹೊತ್ತಿಗೆ ಗುಡ್ಡೆ ತಣ್ಣಗಾಯಿತು. ಬೆಳಗಿನ ಮಣ್ಣು ಎಷ್ಟು ತಣ್ಣಗಿರುತ್ತದೋ ಅಷ್ಟೇ. ತಿರುವಿದೆವು. ಏರಲಿಲ್ಲ. ಶಬಾನ ಮುಳಬಾಗಿಲಿನಿಂದ ಬಂದು ಬೀಜ ಹಾಕಿ ನೋಡಿದಳು. ಮೊದಲ ಸಲ ಅರ್ಧಕ್ಕರ್ಧ ಮೊಳೆಯಲಿಲ್ಲ. ಇನ್ನಷ್ಟು ದಿನ ಬಿಟ್ಟೆವು. ಎರಡನೆಯ ಸಲ ತಟ್ಟೆ ತುಂಬ ಹಸಿರು ಕೂದಲು ಎದ್ದಿತ್ತು. ಗುಂಪಿನವರಿಗೆ ಹೇಳಿ ಕಳಿಸಿದೆ.

ಹೆಂಗಸರು ಮಂಕರಿ, ಚೀಲ, ಒಂದು ಟ್ರ್ಯಾಕ್ಟರ್ ತಂದರು. ಅವರಲ್ಲಿ ಹಿರಿಯಳಾದ ಮುನಿಯಮ್ಮ ಎರಡು ಬೆರಳಿನಲ್ಲಿ ಗೊಬ್ಬರ ಉಜ್ಜಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಮಂಕರಿ ತುಂಬಿದಳು. ಆಮೇಲೆ ಎಲ್ಲರೂ ತುಂಬಿದರು. ಯಾರೂ ಯಶೋದಳ ಹೆಸರೆತ್ತಲಿಲ್ಲ. ಮಳೆ, ಹೂ ಕಟ್ಟಿರುವ ಮಾವು, ಮೊಮ್ಮಕ್ಕಳ ಪರೀಕ್ಷೆ, ಹೀಗೆ ಮಾತು ಹೋಗುತ್ತಿತ್ತು. ನಾನು ಸಲಿಕೆ ಹಿಡಿದು ಮಂಕರಿಗಳಿಗೆ ಎತ್ತಿ ಹಾಕುತ್ತಾ ಇದ್ದೆ. ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಕ್ಕೂರಿನವರ ಪಾಲು, ಶ್ರೀನಿವಾಸಪುರದವರ ಪಾಲು, ನಮ್ಮೂರಿನವರ ಪಾಲು ಎಲ್ಲ ಹೋಯಿತು. ಗುಡ್ಡೆ ಇದ್ದಲ್ಲಿ ಒದ್ದೆಯಾದ ಕಪ್ಪು ನೆಲ ಉಳಿಯಿತು.

ಆಗ ಮುನಿರಾಜು ಲೋಡು ತುಂಬಿಕೊಂಡು ಬಂದ. ಹೊಸ ಗುಡ್ಡೆ ಆಚೆ ಬದಿಯಲ್ಲಿದೆ. ಅದುವರೆಗೆ ಹಳೆಯ ಗುಡ್ಡೆಯನ್ನು ಸುತ್ತುಹಾಕಿ, ಬೇಲಿಗೆ ಗಾಡಿ ಉಜ್ಜುವಷ್ಟು ಇಕ್ಕಟ್ಟಿನಲ್ಲಿ ತಿರುಗಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಈಗ ನಡುವೆ ಏನೂ ಇಲ್ಲ. ಆದರೂ ಅವನು ಗಾಡಿಯನ್ನು ಕಪ್ಪು ನೆಲದ ಅಂಚಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬರ್ಲಾ ಭಾವ?"

ನಾನು ಸಲಿಕೆ ಬೇಲಿಗೆ ಒರಗಿಸಿ ಗಾಡಿಯ ಹಿಂದೆ ಹೋಗಿ ನಿಂತೆ. ಕೈ ಎತ್ತಿ, ಬಾ, ಬಾ ಎಂದು ಬೀಸುತ್ತಾ, ಆ ಜಾಗದ ಮೇಲೆಯೇ ಅವನನ್ನು ಹಿಂದಕ್ಕೆ ಕರೆದುಕೊಂಡೆ.